ಪಾತ್ರೆ ತೊಳೆದದ್ದಕ್ಕೂ ಲೆಕ್ಕ ಇದೆ

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನಲ್ಲಿ ನಾಲ್ಕು ಜನ ಸ್ನೇಹಿತರು ಸೇರಿದರೆ ಈಗೀಗ ಒಂದು ಮಾತು ಬಂದೇ ಬರುತ್ತದೆ. ಎಲ್ಲರೂ ಸೇರಿ ಒಂದಿಷ್ಟು ಜಮೀನು ತಗೊಳ್ಳೋಣ, ಸಕಲೇಶಪುರದ ಕಡೆಯೋ ಕನಕಪುರದ ಕಡೆಯೋ. ಅಲ್ಲೇ ಮನೆ ಕಟ್ಟಿಕೊಂಡು, ತರಕಾರಿ ಬೆಳೆದುಕೊಂಡು, ಒಟ್ಟಿಗೆ ಇದ್ದುಬಿಡೋಣ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಲು ನಮ್ಮ ಭೂಸುಧಾರಣೆ ಕಾನೂನಿನಲ್ಲಿ ಅಡ್ಡಿ ಇತ್ತು. 2020ರಲ್ಲಿ ಸರ್ಕಾರ ಅದನ್ನು ತೆಗೆಯಿತು. ಆಮೇಲಂತೂ ಈ ಮಾತು ಜಾಸ್ತಿಯೇ ಆಗಿದೆ. ಎಕರೆಗೆ ಎಷ್ಟು, ಬೋರ್‌ವೆಲ್‌ನಲ್ಲಿ ನೀರು ಬರುತ್ತದಾ, ಸೋಲಾರ್ ಹಾಕಿಸಬೇಕಾ, ಎಲ್ಲ ಚರ್ಚೆ ಆಗುತ್ತದೆ. ಮೂವತ್ತು ಜನ ಊಟ ಮಾಡಿ ಎದ್ದ ಮೇಲೆ ಪಾತ್ರೆ ತೊಳೆಯುವವರು ಯಾರು ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಈ ಪ್ರಶ್ನೆಯನ್ನು ಮೊದಲ ದಿನವೇ ಕೇಳಿಕೊಂಡು, ಅದಕ್ಕೊಂದು ಉತ್ತರವನ್ನೂ ಕಟ್ಟಿಕೊಂಡು, ಐವತ್ತು ವರ್ಷ ದಾಟಿದ ಒಂದು ಪುಟ್ಟ ಊರಿದೆ. ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ, ಲೂಯಿಸಾ ಎನ್ನುವ ಪಟ್ಟಣದ ಹತ್ತಿರ. ಹೆಸರು ಟ್ವಿನ್ ಓಕ್ಸ್. ಇವತ್ತಿನ ನನ್ನ ಮಾತು ಆ ಊರಿನ ಬಗ್ಗೆ.

1967ರ ಜೂನ್‌ನಲ್ಲಿ ಎಂಟು ಜನ ಸೇರಿ, 123 ಎಕರೆಯ ಒಂದು ಹಳೇ ತಂಬಾಕು ತೋಟದಲ್ಲಿ ಇದನ್ನು ಶುರು ಮಾಡಿದರು. ಆ ಕಾಲದಲ್ಲಿ ಅಮೆರಿಕದ ತುಂಬ ಇಂಥ ಕಮ್ಯೂನ್‌ಗಳು, ಅಂದರೆ ಎಲ್ಲವನ್ನೂ ಹಂಚಿಕೊಂಡು ಒಟ್ಟಿಗೆ ಬದುಕುವ ಗುಂಪುಗಳು, ಹುಟ್ಟುತ್ತಿದ್ದವು. ಉದ್ದ ಕೂದಲು, ಗಿಟಾರು, ಪ್ರೀತಿ, ಶಾಂತಿ. ಹೆಚ್ಚಿನವು ಒಂದೆರಡು ಚಳಿಗಾಲದಲ್ಲೇ ಮುಗಿದುಹೋದವು. ಸೌದೆ ಒಡೆಯುವವರು ಒಡೆಯುತ್ತಲೇ ಇದ್ದರು, ಹಾಡುವವರು ಹಾಡುತ್ತಲೇ ಇದ್ದರು. ಹಾಗಾದರೆ ಎಷ್ಟು ದಿನ ನಡೆದೀತು, ಅಲ್ವಾ?

ಟ್ವಿನ್ ಓಕ್ಸ್‌ನವರಿಗೆ ದಾರಿ ತೋರಿಸಿದ್ದು ಹಾಡಲ್ಲ, ಒಂದು ಕಾದಂಬರಿ. ಬಿ. ಎಫ್. ಸ್ಕಿನ್ನರ್ ಅಂತ ಒಬ್ಬ ಮನಶ್ಶಾಸ್ತ್ರಜ್ಞರು. ಪಾರಿವಾಳ, ಇಲಿಗಳ ಮೇಲೆ ಪ್ರಯೋಗ ಮಾಡಿ ಹೆಸರಾದವರು. ಅವರು ಬರೆದ, ಒಂದು ಕಲ್ಪನೆಯ ಊರಿನ ಕಥೆ 1948ರಲ್ಲಿ ಅಚ್ಚಾಯಿತು. ಆ ಊರಿನಲ್ಲಿ ದಿನಕ್ಕೆ ಸುಮಾರು ನಾಲ್ಕು ಗಂಟೆ ದುಡಿದರೆ ಸಾಕು. ದುಡಿಮೆಗೆ ಹಣವಿಲ್ಲ, ಅಂಕವಿದೆ. ಯಾರಿಗೂ ಇಷ್ಟವಿಲ್ಲದ ಕೆಲಸಕ್ಕೆ ಜಾಸ್ತಿ ಅಂಕ, ಎಲ್ಲರೂ ಮುಗಿಬೀಳುವ ಕೆಲಸಕ್ಕೆ ಕಡಿಮೆ. ಕಥೆ ಓದಲು ಅಷ್ಟೇನೂ ರಸವತ್ತಾಗಿಲ್ಲ, ಪಾತ್ರಗಳು ಭಾಷಣ ಮಾಡುತ್ತಲೇ ಇರುತ್ತವೆ. ಆದರೆ ಕ್ಯಾಥ್ಲೀನ್ ಕಿಂಕೇಡ್ ಎನ್ನುವ ಹೆಂಗಸಿಗೆ ಅದು ಹುಚ್ಚು ಹಿಡಿಸಿತು. ಕ್ಯಾಟ್ ಅಂತ ಎಲ್ಲರೂ ಕರೆಯುತ್ತಿದ್ದರು. ಒಬ್ಬಳು ಮಗಳ ತಾಯಿ. ಕಥೆಯಲ್ಲಿದ್ದದ್ದನ್ನು ನೆಲದ ಮೇಲೆ ಮಾಡಿ ನೋಡಬೇಕು ಅಂತ ಹೊರಟ ಎಂಟು ಜನರಲ್ಲಿ ಆಕೆಯೂ ಒಬ್ಬರು.

ಅಂಕದ ಲೆಕ್ಕವನ್ನು ಅವರು ನಿಜಕ್ಕೂ ಜಾರಿಗೆ ತಂದರು. ವಾರದ ಕೆಲಸಗಳ ಪಟ್ಟಿ ಮಾಡುವುದು, ಯಾರಿಗೆ ಯಾವುದು ಇಷ್ಟ ಅಂತ ಬರೆಸಿಕೊಳ್ಳುವುದು. ಯಾರೂ ಮುಟ್ಟದ ಕೆಲಸದ ಅಂಕ ಏರುತ್ತದೆ, ಬಹಳ ಜನ ಕೇಳಿದ ಕೆಲಸದ್ದು ಇಳಿಯುತ್ತದೆ. ಥೇಟ್ ಸಂತೆಯ ಬೆಲೆ. ಕಾಗದದ ಮೇಲೆ ಬಹಳ ಚೆನ್ನಾಗಿದೆ. ನಡೆಸಿ ನೋಡಿದಾಗ ಬೇರೆಯೇ ಆಯಿತು. ಒಬ್ಬರಿಗೆ ಬೇಡವಾದ ಕೆಲಸ ಇನ್ನೊಬ್ಬರಿಗೆ ಇಷ್ಟ. ದನದ ಕೊಟ್ಟಿಗೆ ಗುಡಿಸುವುದು ಅಂದರೆ ಕೆಲವರಿಗೆ ವಾಕರಿಕೆ, ಕೆಲವರಿಗೆ ಅದೇ ನೆಮ್ಮದಿ. ಹಾಗಿರುವಾಗ ಇಷ್ಟಪಟ್ಟು ಮಾಡುವವನಿಗೆ ಹೆಚ್ಚು ಅಂಕ ಯಾಕೆ ಕೊಡಬೇಕು? ಒಂದೇ ಗಂಟೆ ಬೆವರು ಸುರಿಸಿದವರಲ್ಲಿ ಒಬ್ಬರಿಗೆ ಕಡಿಮೆ, ಒಬ್ಬರಿಗೆ ಜಾಸ್ತಿ ಆದರೆ ಸಮಾನತೆ ಎಲ್ಲಿ ಉಳಿಯಿತು? ಕೆಲವು ವರ್ಷ ಎಳೆದಾಡಿ, ಕೊನೆಗೆ ಏರುವ ಇಳಿಯುವ ಅಂಕವನ್ನು ಕೈಬಿಟ್ಟರು. ಒಂದು ಗಂಟೆ ಕೆಲಸಕ್ಕೆ ಒಂದು ಅಂಕ, ಅಷ್ಟೇ. ಅದೇ ನಿಯಮ ಗಟ್ಟಿಯಾಗಿ ನಿಂತಿತು.

ನನಗೆ ಇದರಲ್ಲಿ ಬಹಳ ಇಷ್ಟವಾದದ್ದು ಯಾವುದನ್ನು ಕೆಲಸ ಅಂತ ಎಣಿಸುತ್ತಾರೆ ಎನ್ನುವುದು. ಒಬ್ಬರು ವಾರಕ್ಕೆ ಸುಮಾರು 42 ಗಂಟೆ ಕೊಡಬೇಕು. ಕೇಳಿದ ಕೂಡಲೇ ಅನಿಸುತ್ತದೆ, ಇದು ಆಫೀಸಿನಷ್ಟೇ ಆಯಿತಲ್ಲ, ಕಥೆಯ ನಾಲ್ಕು ಗಂಟೆ ಎಲ್ಲಿ ಹೋಯಿತು? ಆದರೆ ಆ 42ರಲ್ಲಿ ಅಡುಗೆ ಸೇರಿದೆ. ಪಾತ್ರೆ ತೊಳೆಯುವುದು ಸೇರಿದೆ. ಮಕ್ಕಳನ್ನು ನೋಡಿಕೊಳ್ಳುವುದು, ಹಾಲು ಕರೆಯುವುದು, ಲೆಕ್ಕಪತ್ರ ಬರೆಯುವುದು, ಕೆಟ್ಟ ಕಾರು ರಿಪೇರಿ ಮಾಡುವುದು, ಕಾಯಿಲೆಯವರ ಹತ್ತಿರ ಕೂರುವುದು, ಎಲ್ಲವೂ ಸೇರಿದೆ. ಮಾರಾಟಕ್ಕೆ ಸಾಮಾನು ಮಾಡಿದ ಒಂದು ಗಂಟೆಗೂ ಮೋರಿ ತಿಕ್ಕಿದ ಒಂದು ಗಂಟೆಗೂ ಒಂದೇ ಬೆಲೆ. ಕಾಯಿಲೆ ಬಿದ್ದರೆ ಆ ಗಂಟೆಗಳೂ ಜಮಾ ಆಗುತ್ತವೆ. ಹೆಚ್ಚು ದುಡಿದರೆ ಅದು ರಜೆಯಾಗಿ ಉಳಿಯುತ್ತದೆ. 50 ವರ್ಷ ದಾಟಿದ ಮೇಲೆ ವರ್ಷಕ್ಕೆ ಒಂದರಂತೆ ವಾರದ ಗಂಟೆ ಕಡಿಮೆಯಾಗುತ್ತಾ ಹೋಗುತ್ತದೆ.

ಈಗ ನಮ್ಮ ಕಡೆಯ ಮುಯ್ಯಾಳು ಪದ್ಧತಿ ನೆನಪು ಮಾಡಿಕೊಳ್ಳಿ. ನಾಟಿಗೆ ನಿಮ್ಮ ಮನೆಯಿಂದ ನಾಲ್ಕು ಜನ ನಮ್ಮ ಗದ್ದೆಗೆ ಬಂದರೆ, ನಾವು ನಾಲ್ಕು ಜನ ನಿಮ್ಮ ಗದ್ದೆಗೆ ಹೋಗಬೇಕು. ಪುಸ್ತಕದಲ್ಲಿ ಬರೆಯುತ್ತಿರಲಿಲ್ಲ, ಆದರೆ ಒಬ್ಬರೂ ಮರೆಯುತ್ತಿರಲಿಲ್ಲ. ಚೆನ್ನಾದ ಪದ್ಧತಿ, ಸಂಶಯವಿಲ್ಲ. ಆದರೆ ಅಷ್ಟೂ ಜನಕ್ಕೆ ಬೆಳಗಿನ ರೊಟ್ಟಿ, ಮಧ್ಯಾಹ್ನದ ಮುದ್ದೆ ಸಾರು ಮಾಡಿದವರ ಮುಯ್ಯಿ ಯಾರ ಲೆಕ್ಕಕ್ಕೆ ಬಂತು? ಯಾರ ಲೆಕ್ಕಕ್ಕೂ ಬರಲಿಲ್ಲ. ಒಟ್ಟು ಕುಟುಂಬವನ್ನು ಬಾಯ್ತುಂಬ ಹೊಗಳುವವರು ಹೆಚ್ಚಾಗಿ ಆ ಕುಟುಂಬದ ಗಂಡಸರೇ ಆಗಿರುತ್ತಾರೆ. ಒಲೆಯ ಮುಂದೆ ಇದ್ದವರನ್ನು ಕೇಳಿ ನೋಡಿ, ಬೇರೆ ಕಥೆ ಹೇಳುತ್ತಾರೆ.

ಸರಿ, ಹೊಟ್ಟೆಪಾಡಿಗೆ ಇವರು ಏನು ಮಾಡುತ್ತಾರೆ? ಬರೀ ಬೇಸಾಯದಿಂದ ಬದುಕುತ್ತೇವೆ ಅಂತ ಹೊರಟ ಕಮ್ಯೂನ್‌ಗಳು ಬೇಗ ಸೋತವು. ಟ್ವಿನ್ ಓಕ್ಸ್‌ನವರು ಮೊದಲೇ ಹಗ್ಗದ ಹ್ಯಾಮಕ್ ನೇಯುವುದನ್ನು ಕಲಿತರು. ಎರಡು ಮರದ ನಡುವೆ ಕಟ್ಟಿ ಮಲಗುತ್ತಾರಲ್ಲ, ಅದೇ. ಕಲಿಯಲು ಸುಲಭ. ಹರಟೆ ಹೊಡೆಯುತ್ತಾ ನೇಯಬಹುದು. ಬಿಡುವಾದಾಗ ಅರ್ಧ ಗಂಟೆ ಕೂತರೂ ಅರ್ಧ ಅಂಕ. ಒಂದು ದೊಡ್ಡ ಅಂಗಡಿ ಸರಣಿ ಬಹಳ ವರ್ಷ ಅವರ ಹ್ಯಾಮಕ್‌ಗಳನ್ನು ಸಗಟಾಗಿ ಕೊಳ್ಳುತ್ತಿತ್ತು. 2000ದ ದಶಕದಲ್ಲಿ ಅದು ಕೊಳ್ಳುವುದನ್ನು ನಿಲ್ಲಿಸಿತು. ಒಬ್ಬನೇ ಗಿರಾಕಿಯನ್ನು ನಂಬಿದರೆ ಏನಾಗುತ್ತದೆ ಅಂತ ನಮ್ಮ ರೇಷ್ಮೆ, ಅಡಿಕೆ ಬೆಳೆಗಾರರಿಗೆ ನಾನು ಹೇಳಬೇಕಾಗಿಲ್ಲ. ಅಷ್ಟು ಹೊತ್ತಿಗೆ ಅವರ ಬಳಿ ಟೋಫು ಕಾರ್ಖಾನೆ ಇತ್ತು. ಸೋಯಾ ಹಾಲು ಒಡೆಸಿ ಮಾಡುವ, ಪನೀರ್‌ನಂತೆ ಕಾಣುವ ತಿನಿಸು. ಜೊತೆಗೆ ಬಿತ್ತನೆ ಬೀಜ ಬೆಳೆಯುತ್ತಾರೆ. ಪ್ರಕಾಶಕರಿಗೆ ಪುಸ್ತಕದ ಕೊನೆಯ ಪದಸೂಚಿ ಮಾಡಿಕೊಡುವ ಕೆಲಸವನ್ನೂ ಬಹಳ ವರ್ಷ ಮಾಡಿದರು. 2024ರ ಮಾರ್ಚ್‌ನಲ್ಲಿ ಕಾಳ್ಗಿಚ್ಚು ಬಂದು ಹ್ಯಾಮಕ್ ದಾಸ್ತಾನಿದ್ದ ಗೋದಾಮು ಸುಟ್ಟುಹೋಯಿತು. ಮನೆಗಳು ಉಳಿದವು.

ಬಂದ ಹಣವೆಲ್ಲ ಒಂದೇ ಪೆಟ್ಟಿಗೆಗೆ. ಅದರಿಂದ ಎಲ್ಲರಿಗೂ ಊಟ, ಮನೆ, ಔಷಧಿ. ಕೈಖರ್ಚಿಗೆ ತಿಂಗಳಿಗೆ ಒಂದು ಸಣ್ಣ ಮೊತ್ತ, ಎಲ್ಲರಿಗೂ ಸಮ. ಸೇರುವಾಗ ನಿಮ್ಮ ಹತ್ತಿರ ಆಸ್ತಿ ಇದ್ದರೆ ಅದು ನಿಮ್ಮದೇ, ಕಿತ್ತುಕೊಳ್ಳುವುದಿಲ್ಲ. ಆದರೆ ಅಲ್ಲಿರುವಷ್ಟು ದಿನ ಅದನ್ನು ಮುಟ್ಟುವಂತಿಲ್ಲ, ಅದರ ಬಡ್ಡಿ ಎಲ್ಲರ ಪೆಟ್ಟಿಗೆಗೆ. ಶ್ರೀಮಂತನೊಬ್ಬ ಬಂದು ತನ್ನ ಕೋಣೆಗೆ ಮಾತ್ರ ಎ.ಸಿ. ಹಾಕಿಸಿಕೊಳ್ಳುವಂತಿಲ್ಲ ಅಂತ ಅರ್ಥ.

ಪರಿಸರದ ಮಾತಿಗೆ ಬಂದರೆ, ಅವರು ಅದಕ್ಕಾಗಿ ವ್ರತ ಹಿಡಿದವರೇನಲ್ಲ. ಹಂಚಿಕೊಂಡು ಬದುಕಿದರೆ ಅರ್ಧ ಉಳಿತಾಯ ತಾನಾಗಿ ಆಗುತ್ತದೆ. ಅಮೆರಿಕದಲ್ಲಿ ಒಂದೊಂದು ಮನೆಗೆ ಎರಡು ಕಾರು ಮಾಮೂಲು. ಇಲ್ಲಿ ಸುಮಾರು ನೂರು ಜನಕ್ಕೆ ಇಪ್ಪತ್ತಕ್ಕೂ ಕಡಿಮೆ ಗಾಡಿ. ಊರಿಗೆ ಹೋಗುವವರ ಹತ್ತಿರ ಚೀಟಿ ಕೊಟ್ಟರೆ ನಿಮ್ಮ ಸಾಮಾನೂ ಬರುತ್ತದೆ. ಬಟ್ಟೆಗೆ ಒಂದು ದೊಡ್ಡ ಕೋಣೆ ಇದೆ. ಬೇಕಾದ್ದು ತೆಗೆದುಕೊಂಡು ಹಾಕಿಕೊಳ್ಳಿ, ಸಾಕಾದ ಮೇಲೆ ಒಗೆಯಲು ಹಾಕಿ, ಮತ್ತೆ ಅಲ್ಲಿಗೇ ಹೋಗುತ್ತದೆ. ತರಕಾರಿ, ಹಾಲು ಮನೆಯದೇ. ಎಲ್ಲರ ಊಟಕ್ಕೂ ಒಂದು ದೊಡ್ಡ ಅಡುಗೆಮನೆ. ಇಷ್ಟಕ್ಕೆ ಯಾವ ಹೊಸ ತಂತ್ರಜ್ಞಾನವೂ ಬೇಕಾಗಲಿಲ್ಲ.

ಎಲ್ಲವೂ ಅಂದುಕೊಂಡ ಹಾಗೆ ಆಗಿದೆ ಅಂತಲ್ಲ. ಮಕ್ಕಳ ವಿಷಯದಲ್ಲಿ ಅವರು ಸೋತರು. ಇಸ್ರೇಲಿನಲ್ಲಿ ಕಿಬ್ಬುತ್ಸ್ ಅಂತ, ಎಲ್ಲವನ್ನೂ ಹಂಚಿಕೊಂಡು ಬದುಕುವ ಹಳ್ಳಿಗಳಿವೆ; ಅವುಗಳಲ್ಲಿ ಹೆಚ್ಚಿನ ಕಡೆ ಮಕ್ಕಳೆಲ್ಲ ಒಂದೇ ಮನೆಯಲ್ಲಿ ಬೆಳೆಯುತ್ತಿದ್ದರು, ರಾತ್ರಿ ಮಲಗುವುದೂ ಅಲ್ಲೇ. ಅದನ್ನು ನೋಡಿ ಇವರೂ ಒಂದು ಮಕ್ಕಳ ಮನೆ ಕಟ್ಟಿದರು. 1910ರಲ್ಲಿ ಶುರುವಾದ ಮೊದಲ ಕಿಬ್ಬುತ್ಸ್ ದೆಗಾನಿಯಾದ ಹೆಸರನ್ನೇ ಇಟ್ಟರು. ಅಪ್ಪ ಅಮ್ಮಂದಿರಿಗೆ ಮಕ್ಕಳನ್ನು ಬಿಟ್ಟಿರಲು ಆಗಲಿಲ್ಲ. ಯಾರ ಮಾತು ನಡೆಯಬೇಕು, ಹೆತ್ತವರದೋ ನೋಡಿಕೊಳ್ಳುವವರದೋ ಅಂತ ಜಗಳ. ನಿಧಾನವಾಗಿ ಮಕ್ಕಳು ಹೆತ್ತವರ ಜೊತೆಗೇ ಬಂದರು. ಕಿಬ್ಬುತ್ಸ್‌ಗಳಲ್ಲೂ ಹೀಗೇ ಆಯಿತು. 2007ರಲ್ಲಿ ಆ ದೆಗಾನಿಯಾವೇ ಎಲ್ಲರಿಗೂ ಸಮ ಪಾಲು ಎನ್ನುವುದನ್ನು ಬಿಟ್ಟು, ದುಡಿಮೆಗೆ ತಕ್ಕ ಸಂಬಳಕ್ಕೆ ಮತ ಹಾಕಿತು.

ಟ್ವಿನ್ ಓಕ್ಸ್‌ನ ಹೆಚ್ಚಿನ ಕಟ್ಟಡಗಳಿಗೆ ಇಂಥ ಹಳೇ ಸಮುದಾಯಗಳ ಹೆಸರೇ. ಒಂದರ ಹೆಸರು ಒನೈಡಾ. ನ್ಯೂಯಾರ್ಕ್ ರಾಜ್ಯದಲ್ಲಿ 1848ರಲ್ಲಿ ಹುಟ್ಟಿದ ಆ ಸಮುದಾಯ 1881ರಲ್ಲಿ ಷೇರು ಕಂಪನಿಯಾಗಿ ಬದಲಾಯಿತು. ಆಮೇಲೆ ಚಮಚ, ಫೋರ್ಕ್ ಮಾಡಿ ದೊಡ್ಡ ಹೆಸರು ಗಳಿಸಿತು. ಸೋತವರ ಹೆಸರನ್ನು ಬಾಗಿಲ ಮೇಲೆ ಬರೆದುಕೊಂಡು ಒಳಗೆ ಮಲಗುವ ಧೈರ್ಯ ನನಗೆ ಹಿಡಿಸುತ್ತದೆ.

ತೆರಿಗೆ ಇಲಾಖೆಯ ಜೊತೆಗೂ ಗುದ್ದಾಟ ನಡೆಯಿತು. 1936ರ ಒಂದು ಕಾನೂನು, ಆಸ್ತಿ ಹಂಚಿಕೊಂಡು ಬದುಕುವ ಧಾರ್ಮಿಕ ಪಂಗಡಗಳಿಗೆ ಬೇರೆ ತೆರಿಗೆ ಲೆಕ್ಕ ಇಟ್ಟಿತ್ತು. ನೀವು ಬಡತನದ ದೀಕ್ಷೆ ತೊಟ್ಟ ಸನ್ಯಾಸಿಗಳಲ್ಲ, ನಿಮಗಿಲ್ಲ ಅಂತ ಇಲಾಖೆ ಹೇಳಿತು. 1986ರಲ್ಲಿ ತೆರಿಗೆ ನ್ಯಾಯಾಲಯದಲ್ಲಿ ಟ್ವಿನ್ ಓಕ್ಸ್ ಗೆದ್ದಿತು.

ಕ್ಯಾಟ್ ಕಿಂಕೇಡ್ ಅಲ್ಲೇ ತಳ ಊರಲಿಲ್ಲ. ಮಿಸೌರಿಗೆ ಹೋಗಿ ಈಸ್ಟ್ ವಿಂಡ್ ಎನ್ನುವ ಇನ್ನೊಂದು ಸಮುದಾಯ ಕಟ್ಟಿದರು. ಮತ್ತೆ ಬಂದರು. 1993ರಲ್ಲಿ ಅಲ್ಲೇ ಹತ್ತಿರದಲ್ಲಿ ಏಕಾರ್ನ್ ಎನ್ನುವ ಮೂರನೆಯದಕ್ಕೂ ಕೈ ಹಾಕಿದರು. ಆಮೇಲೆ ಇದೆಲ್ಲ ಸಾಕು ಅಂತ ಹತ್ತಿರದ ಊರಿನಲ್ಲಿ ತನ್ನದೇ ಒಂದು ಮನೆ ಮಾಡಿಕೊಂಡು ಒಬ್ಬರೇ ಇದ್ದರು. ಸಮುದಾಯದ ಕೊರತೆಗಳನ್ನು ಆಕೆ ಮುಚ್ಚಿಡಲಿಲ್ಲ, ತನ್ನ ಪುಸ್ತಕಗಳಲ್ಲಿ ನೇರವಾಗಿಯೇ ಬರೆದರು. ಕಾಯಿಲೆ ಜೋರಾದಾಗ ಟ್ವಿನ್ ಓಕ್ಸ್‌ನವರು ವಾಪಸು ಕರೆದುಕೊಂಡು ನೋಡಿಕೊಂಡರು. 2008ರಲ್ಲಿ ತೀರಿಕೊಂಡರು.

ಈ ಗಂಟೆಯ ಲೆಕ್ಕದಲ್ಲೂ ತೂತು ಇದೆ. ಪ್ರತಿಯೊಬ್ಬರೂ ತಮ್ಮ ಗಂಟೆ ತಾವೇ ಬರೆದುಕೊಳ್ಳುತ್ತಾರೆ. ಸುಮ್ನೆ ಎರಡು ಗಂಟೆ ಜಾಸ್ತಿ ಬರೆದರೆ ಹಿಡಿಯುವುದು ಕಷ್ಟ. ಒಬ್ಬ ಒಂದು ಗಂಟೆಯಲ್ಲಿ ನಾಲ್ಕು ಸಾಲು ಕಳೆ ತೆಗೆದರೆ ಇನ್ನೊಬ್ಬ ಒಂದೇ ಸಾಲು ತೆಗೆಯುತ್ತಾನೆ, ಇಬ್ಬರಿಗೂ ಒಂದೇ ಅಂಕ. ಹಾಗಂತ ಎಣಿಸುವುದನ್ನೇ ಬಿಟ್ಟರೆ? ಆಗಲೂ ಎಲ್ಲರೂ ಎಣಿಸುತ್ತಾರೆ, ಮನಸ್ಸಿನೊಳಗೆ. ನನ್ನ ಮಟ್ಟಿಗೆ ಬರೆದಿಟ್ಟ ಲೆಕ್ಕವೇ ವಾಸಿ. ಅದರ ಬಗ್ಗೆ ಜಗಳವಾದರೂ ಆಡಬಹುದು. ಅಲ್ಲಿ ಜಗಳಕ್ಕೂ ಒಂದು ಜಾಗ ಇದೆ. ಊಟದ ಮನೆಯ ಹತ್ತಿರ ಒಂದು ದೊಡ್ಡ ಹಲಗೆ, ಅದರ ತುಂಬ ಕಾಗದ ಸಿಕ್ಕಿಸಿದ ರಟ್ಟುಗಳು. ಏನಾದರೂ ಬದಲಾಗಬೇಕು ಅಂದರೆ ಬರೆದು ನೇತು ಹಾಕಬೇಕು. ಬೇಕಾದವರು ಕೆಳಗೆ ತಮ್ಮ ಮಾತು ಬರೆಯುತ್ತಾರೆ. ಆಡಳಿತ ನೋಡುವವರು ಅದನ್ನೆಲ್ಲ ಓದಿ ತೀರ್ಮಾನ ಮಾಡುತ್ತಾರೆ. ಅವರ ಅವಧಿಯೂ ಒಂದೂವರೆ ವರ್ಷ ಮಾತ್ರ.

ಸೇರಬೇಕು ಅಂತ ಬಂದವರನ್ನು ಹಾಗೇ ಸೇರಿಸಿಕೊಳ್ಳುವುದಿಲ್ಲ. ಮೊದಲು ಮೂರು ವಾರ ಅತಿಥಿಯಾಗಿ ಇರಬೇಕು. ಅತಿಥಿ ಅಂದರೆ ಎಲೆ ಹಾಕಿ ಬಡಿಸುತ್ತಾರೆ ಅಂದುಕೊಳ್ಳಬೇಡಿ, ಅವರೂ ಎಲ್ಲರಂತೆ ಗಂಟೆ ತುಂಬಿಸಬೇಕು. ಆಮೇಲೆ ಹೊರಗೆ ಹೋಗಿ ಕಾಯಬೇಕು. ಇದ್ದವರೆಲ್ಲ ಅಭಿಪ್ರಾಯ ಹೇಳುತ್ತಾರೆ. ಒಪ್ಪಿದರೆ ಆರು ತಿಂಗಳು ತಾತ್ಕಾಲಿಕ ಸದಸ್ಯತ್ವ. ಮದುವೆಗೂ ನಾವು ಇಷ್ಟು ವಿಚಾರಿಸುವುದಿಲ್ಲ ನೋಡಿ.

ಬಿಟ್ಟು ಹೋಗುವ ನಿಯಮ ಇನ್ನೂ ಮುಖ್ಯ. ಜಮೀನು ಸಮುದಾಯದ ಹೆಸರಿನಲ್ಲಿದೆ, ಯಾರಿಗೂ ಪಾಲಿಲ್ಲ. ಇಪ್ಪತ್ತು ವರ್ಷ ದುಡಿದು ಹೊರಟರೂ ಎಕರೆಯ ಬೆಲೆ ಕೈಗೆ ಬರುವುದಿಲ್ಲ. ಕೇಳಲು ಕಠಿಣ, ಹಾಗೆ ಹೋದವರಿಗೆ ನೋವಾಗಿಯೂ ಇರಬಹುದು. ಆದರೆ ಸಾಲು ಸಾಲಾಗಿ ಜನ ಬಂದು ಹೋದರೂ ಆ ನೆಲ ಚೂರಾಗಲಿಲ್ಲ, ಬೆಳೆಯುತ್ತಾ ಬಂದು ಈಗ 400 ಎಕರೆ ದಾಟಿದೆ. ನಮ್ಮಲ್ಲಿ ಹತ್ತು ಸ್ನೇಹಿತರು ಜಂಟಿಯಾಗಿ ಕ್ರಯ ಮಾಡಿಸಿಕೊಂಡರೆ ಹತ್ತು ಹೆಸರು, ಹತ್ತು ಪಾಲು. ಐದು ವರ್ಷದ ಮೇಲೆ ಒಬ್ಬರಿಗೆ ಮಗಳ ಮದುವೆಗೆ ಹಣ ಬೇಕಾಗುತ್ತದೆ, ಜಮೀನಿನ ಬೆಲೆ ಮೂರು ಪಟ್ಟಾಗಿರುತ್ತದೆ, ಉಳಿದವರ ಕೈಯಲ್ಲಿ ಅಷ್ಟು ದುಡ್ಡಿರುವುದಿಲ್ಲ. ಪಾಲು ಹೊರಗಿನವರಿಗೆ ಹೋಗುತ್ತದೆ. ಹಾಗಾಗಿ ಕ್ರಯಪತ್ರಕ್ಕಿಂತ ಮೊದಲು ಇನ್ನೊಂದು ಪತ್ರ ಆಗಬೇಕು. ಹೊರಡುವವರಿಗೆ ಎಷ್ಟು, ಎಷ್ಟು ಕಂತಿನಲ್ಲಿ, ಪಾಲನ್ನು ಯಾರಿಗೆ ಮಾರಬಹುದು, ಯಾರಿಗೆ ಮಾರುವಂತಿಲ್ಲ. ಸೊಸೈಟಿಯೋ, ಟ್ರಸ್ಟೋ, ಕಂಪನಿಯೋ, ಯಾವುದರ ಹೆಸರಿನಲ್ಲಿ ಜಮೀನು ಇಟ್ಟರೆ ಒಳ್ಳೆಯದು ಅಂತ ವಕೀಲರ ಹತ್ತಿರ ಆ ಹೊತ್ತಿಗೇ ಕೇಳಿಕೊಳ್ಳಿ. ಅಡ್ವಾನ್ಸ್ ಕೊಟ್ಟಾದ ಮೇಲೆ ಕೇಳಿದರೆ ಅವರಿಗೆ ಫೀಸು ಸಿಗುತ್ತದೆ, ನಿಮಗೆ ಅಷ್ಟೇನೂ ಸಿಗುವುದಿಲ್ಲ.

ನಮಸ್ಕಾರ.