ಕೂಸಿಗೆ ಬೇಕಾದ ಕಾರ್ಪೆಟ್ ಏರಿಯಾ

ನಮಸ್ಕಾರ. ಮುಂಬೈಯಲ್ಲಿ ಇಬ್ಬರು ಕನ್ನಡಿಗರು ಸೇರಿದರೆ ಮೂರನೇ ಮಾತಿಗೆ ಚದರಡಿ ಬರ್ತದೆ. ಡೊಂಬಿವಲಿಯಲ್ಲಿ ರೇಟು ಎಷ್ಟು, ಮೀರಾ ರೋಡಿನಲ್ಲಿ ಎಷ್ಟು, ಗೋಡೆ ಸೇರಿಸಿ ಬಿಲ್ಟಪ್ ಎಷ್ಟು, ಗೋಡೆ ಬಿಟ್ಟು ಒಳಗಿನ ಕಾರ್ಪೆಟ್ ಎಷ್ಟು. ಅದೇ ಲೆಕ್ಕದಲ್ಲಿ ಇವತ್ತು ಹೇಳುವುದಾದರೆ, ಹುಟ್ಟಿದ ಕೂಸಿಗೆ ಮೊದಲ ಆರು ತಿಂಗಳು ಬೇಕಾದ ಕಾರ್ಪೆಟ್ ಏರಿಯಾ 16 ಚದರಡಿ. ನಾಲ್ಕಡಿ ಉದ್ದ, ನಾಲ್ಕಡಿ ಅಗಲ, ಖಾಲಿ ನೆಲ. ಅಷ್ಟು ಬಿಟ್ಟುಕೊಡಿ, ಪಕ್ಕದಲ್ಲಿ ನೀವೂ ಮಲಗಿಕೊಳ್ಳಿ. ಮಿಕ್ಕಿದ್ದನ್ನು ಅದೇ ಮಾಡಿ ತೋರಿಸ್ತದೆ.

ಒನ್ ಬಿಎಚ್‌ಕೆಯಲ್ಲಿ ಆ ಜಾಗ ಉಳಿಯುವುದೇ ಕಷ್ಟ. ಕಾರಣ ಮನೆ ಚಿಕ್ಕದು ಅಂತ ಅಲ್ಲ, ಮಗುವಿನ ಹೆಸರಲ್ಲೇ ನಾವು ಅದನ್ನು ತುಂಬಿಸಿಬಿಡ್ತೇವೆ. ನಾಮಕರಣಕ್ಕೆ ಬಂದ ಸೋದರಮಾವ ಚಕ್ರದ ವಾಕರ್ ತರ್ತಾರೆ, ಆಫೀಸಿನವರು ಸೇರಿ ಕುಲುಕಾಡುವ ಬೌನ್ಸರ್ ಕುರ್ಚಿ ಕೊಡ್ತಾರೆ, ಇನ್ಯಾರೋ ದೀಪ ಮಿಣುಕಿಸಿ ಹಾಡು ಹೇಳುವ ಉಯ್ಯಾಲೆ. ಎಲ್ಲವೂ ಮಗುವನ್ನು ಅರ್ಧ ಕೂತ ಭಂಗಿಯಲ್ಲಿ ಕಟ್ಟಿಹಾಕುವ ಸಾಮಾನು. ವಾಕರ್ ಅಂತೂ ನಡಿಗೆ ಕಲಿಸುವುದಿಲ್ಲ, ಉರುಳಿ ಬೀಳಿಸ್ತದೆ. ಕೆನಡಾದಲ್ಲಿ 2004ರಲ್ಲೇ ಅದರ ಮಾರಾಟ ನಿಷೇಧಿಸಿದ್ದಾರೆ. ಮಾವನಿಗೆ ಬೇಸರ ಆಗದ ಹಾಗೆ ಅದನ್ನು ಅಟ್ಟದ ಮೇಲೆ ಸೇರಿಸಿ.

ಮೊದಲ ಆರು ವಾರ ನೆಲಕ್ಕಿಂತ ನಿಮ್ಮ ಮುಖ ಮುಖ್ಯ. ಹುಟ್ಟಿದ ಮಗುವಿಗೆ ಸರಿಯಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರದವರೆಗೆ. ನಮ್ಮ ಅಳತೆಯಲ್ಲಿ ಒಂದು ಗೇಣು, ಹೆಚ್ಚೆಂದರೆ ಒಂದೂಕಾಲು ಗೇಣು. ಹಾಲು ಕುಡಿಯುವಾಗ ಅಮ್ಮನ ಮುಖ ಇರುವುದು ಅಷ್ಟೇ ದೂರದಲ್ಲಿ. ಹಾಗಾಗಿ ತೊಟ್ಟಿಲ ಮೇಲೆ ಮೂರಡಿ ಎತ್ತರದಲ್ಲಿ ಗೊಂಬೆ ಕಟ್ಟಿ ‘ನೋಡ್ತಾನೇ ಇಲ್ಲ’ ಅಂತ ಚಿಂತೆ ಮಾಡಬೇಡಿ. ಇನ್ನೊಂದು ತಪ್ಪು, ಕಿಟಕಿಗೆ ಬೆನ್ನು ಹಾಕಿ ಮಗುವನ್ನು ಎತ್ತಿಕೊಳ್ಳುವುದು. ಆಗ ನಿಮ್ಮ ಮುಖ ಬರೀ ಕಪ್ಪು ನೆರಳು. ಬೆಳಕು ನಿಮ್ಮ ಮುಖದ ಮೇಲೆ ಬೀಳುವ ಹಾಗೆ ತಿರುಗಿ ಕೂತುಕೊಳ್ಳಿ. ಹಾಲಾಗಿ, ತೇಗಾಗಿ, ಕಣ್ಣು ಬಿಟ್ಟು ಸುಮ್ಮನೆ ಇರ್ತದಲ್ಲ, ಆ ಐದು ಹತ್ತು ನಿಮಿಷ ಬಂಗಾರ. ಮುಖ ಆಚೆ ತಿರುಗಿಸಿತು ಅಂದರೆ ನಿಮ್ಮ ಮೇಲೆ ಮುನಿಸಲ್ಲ, ಅದಕ್ಕೆ ಸಾಕಾಯ್ತು, ಅಷ್ಟೇ.

ನಗುವಿನ ವಿಷಯ. ಮೊದಲ ತಿಂಗಳು ನಿದ್ದೆಯಲ್ಲಿ ತುಟಿ ಅರಳ್ತದೆ. ಅಜ್ಜಿ ‘ದೇವರು ನಗಿಸ್ತಿದ್ದಾನೆ’ ಅಂತಾರೆ, ಪಕ್ಕದ ಮನೆ ಮರಾಠಿ ಆಜಿ ‘ಸಟವಾಯಿ ದೇವಿ ನಗಿಸ್ತಾಳೆ’ ಅಂತಾರೆ, ಡಾಕ್ಟರು ರಿಫ್ಲೆಕ್ಸ್, ತಾನಾಗಿ ಆಗುವ ಚಲನೆ ಅಂತಾರೆ. ಮೂವರೂ ಒಪ್ಪುವ ಒಂದು ಮಾತುಂಟು, ಅದು ನಿಮ್ಮನ್ನು ನೋಡಿ ನಕ್ಕದ್ದಲ್ಲ. ನಿಮ್ಮ ಪಾಲಿನ ನಗು ಬರುವುದು ಆರರಿಂದ ಎಂಟನೇ ವಾರದಲ್ಲಿ. ಆಗ ಮಗು ಎಚ್ಚರ ಇರ್ತದೆ, ನಿಮ್ಮ ಮುಖ ಸ್ವಲ್ಪ ಹೊತ್ತು ದಿಟ್ಟಿಸ್ತದೆ, ಆಮೇಲೆ ನಗ್ತದೆ. ನೀವು ನಕ್ಕರೆ ಮತ್ತೆ ನಗ್ತದೆ. ಅದನ್ನು ಹಿಡಿಯಲು ಮೊಬೈಲ್ ಎತ್ತಿದಿರೋ, ನಿಮ್ಮ ಮುಖದ ಜಾಗದಲ್ಲಿ ಒಂದು ಕಪ್ಪು ಚೌಕ ಬಂತು. ನಗು ನಿಂತಿತು. ಇದರಲ್ಲಿ ಆಶ್ಚರ್ಯ ಏನಿದೆ?

ಸಂತೋಷಪಡುವ ಮೊದಲು ಎರಡು ಲೆಕ್ಕ ಮಾತ್ರ ಇಟ್ಟುಕೊಳ್ಳಿ. ಐದಾರನೇ ದಿನದಿಂದ 24 ಗಂಟೆಯಲ್ಲಿ ಕಡಿಮೆಯೆಂದರೆ ಆರು ಸಲ ಉಚ್ಚೆ ಹೊಯ್ಯಬೇಕು. ಹುಟ್ಟಿದ ಕೂಡಲೇ ಸ್ವಲ್ಪ ಇಳಿದ ತೂಕ ಎರಡು ವಾರದೊಳಗೆ ಮರಳಿ ಬರಬೇಕು, ಆಮೇಲೆ ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಏರಬೇಕು. ಇವೆರಡೂ ಸಮ ಇದ್ದರೆ ‘ಹಾಲು ಸಾಲ್ತಿಲ್ಲವೇನೋ’ ಅನ್ನುವ ನೆಂಟರಿಗೆ ಚಹಾ ಕೊಟ್ಟು ಕಳಿಸಿ. ಮೇ ತಿಂಗಳ ಸೆಖೆಯಲ್ಲೂ ಆರು ತಿಂಗಳವರೆಗೆ ನೀರು ಬೇಡ, ಎದೆಹಾಲಿನಲ್ಲೇ ನೀರುಂಟು. ಜೇನು ನೆಕ್ಕಿಸುವುದು ಒಂದು ವರ್ಷದವರೆಗೆ ಬೇಡವೇ ಬೇಡ. ಅದರಲ್ಲಿ ಇರಬಹುದಾದ ಬೊಟುಲಿಸಮ್ ಬೀಜಾಣು ಆ ಎಳೆ ಕರುಳಿನಲ್ಲಿ ಬೆಳೆದು ವಿಷ ಮಾಡ್ತದೆ.

ಇನ್ನು ಸಂಜೆಯ ಅಳು. ಆರನೇ ವಾರದ ಹೊತ್ತಿಗೆ ಅದು ತಾರಕಕ್ಕೆ ಏರಿ, ಮೂರು ನಾಲ್ಕು ತಿಂಗಳಿಗೆ ತಾನೇ ಇಳೀತದೆ. ಅಪ್ಪ ಚರ್ಚ್‌ಗೇಟ್‌ನಿಂದ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಬಂದು ಬಾಗಿಲು ತಟ್ಟುವುದು ಸರಿಯಾಗಿ ಆ ಹೊತ್ತಿಗೆ. ಅಪ್ಪಂದಿರೇ, ಟಿವಿ ಹಾಕಬೇಡಿ. ಕೈ ಸೋಪಿನಲ್ಲಿ ತೊಳೆದು, ಲೋಕಲಿನ ಬೆವರಿನ ಅಂಗಿ ಬದಲಿಸಿ ಮಗುವನ್ನು ತಗೊಳ್ಳಿ. ಅದರ ಹೊಟ್ಟೆ ನಿಮ್ಮ ಮುಂಗೈ ಮೇಲೆ, ಕೆನ್ನೆ ಮೊಣಕೈ ಮಡಿಕೆಯಲ್ಲಿ, ಕೈಕಾಲು ಎರಡೂ ಬದಿಗೆ ಇಳಿಬಿಟ್ಟು, ಇನ್ನೊಂದು ಕೈ ಬೆನ್ನ ಮೇಲೆ. ಹಾಗೇ ಹಾಲ್ ಕೋಣೆಯಿಂದ ಅಡುಗೆಮನೆಗೆ, ಅಲ್ಲಿಂದ ಮತ್ತೆ ಹಾಲ್ ಕೋಣೆಗೆ ನಡೀರಿ. ಒಂದು ದಿನ ಏನು ಮಾಡಿದರೂ ನಿಲ್ಲುವುದಿಲ್ಲ, ನಿಮಗೆ ತಲೆ ಕೆಡ್ತದೆ. ಆಗ ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಐದು ನಿಮಿಷ ಗ್ಯಾಲರಿಗೆ, ಅಂದರೆ ಬಾಲ್ಕನಿಗೆ, ಹೋಗಿ ನಿಲ್ಲಿ. ಹಿಡಿದು ಕುಲುಕುವುದು ಮಾತ್ರ ಯಾವತ್ತೂ ಬೇಡ, ಮಿದುಳಿಗೆ ಪೆಟ್ಟು ಬೀಳ್ತದೆ.

ಈಗ ನೆಲಕ್ಕೆ ಬರೋಣ. ನಿದ್ದೆಗೆ ಅಂಗಾತ, ಎಚ್ಚರದಲ್ಲಿ ಕವುಚಿ. ಇಷ್ಟು ನೆನಪಿಟ್ಟರೆ ಸಾಕು. ಎಷ್ಟೋ ಮನೆಗಳಲ್ಲಿ ‘ಕತ್ತು ನಿಲ್ಲಲಿ, ಆಮೇಲೆ ಕವುಚಿ ಹಾಕೋಣ’ ಅಂತ ಕಾಯ್ತಾರೆ. ಇದು ಈಜು ಬಂದ ಮೇಲೆ ಬಾವಿಗಿಳಿತೇನೆ ಅಂದ ಹಾಗೆ. ಕವುಚಿ ಹಾಕಿದರೇ ಕತ್ತು ನಿಲ್ಲುವುದು.

ಮೊದಲ ವಾರದಲ್ಲೇ ನಿಮ್ಮ ಎದೆಯ ಮೇಲೆ ಶುರು ಮಾಡಬಹುದು. ಆಮೇಲೆ ನೆಲದಲ್ಲಿ ಚಾಪೆ, ಚಾಪೆ ಮೇಲೆ ಎರಡು ಮಡಿಕೆಯ ಕೌದಿ, ಅದರ ಮೇಲೆ ಬಿಗಿಯಾಗಿ ಎಳೆದ ಹತ್ತಿ ಬಟ್ಟೆ. ಮಂಚದ ಫೋಮ್ ಹಾಸಿಗೆ ಬೇಡ. ಕೈ ಊರಿದರೆ ಹುಗಿದುಹೋಗ್ತದೆ, ಮೂಗೂ ಹುಗೀಬಹುದು. ಮಳೆಗಾಲದಲ್ಲಿ ನಮ್ಮ ಟೈಲ್ಸ್ ಬೆವರ್ತದೆ, ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಾಪೆಯನ್ನು ಹಾಸಿಯೇ ಬಿಡಬೇಡಿ, ದಿನಾ ಎತ್ತಿ ನಿಲ್ಲಿಸಿ ಒಣಗಿಸಿ. ಇಲ್ಲದಿದ್ದರೆ ವಾರದಲ್ಲಿ ಬೂಷ್ಟು.

ಮೊದಮೊದಲು ಮೂರು ನಿಮಿಷ, ದಿನಕ್ಕೆ ಎರಡು ಮೂರು ಸಲ. ನಿಧಾನವಾಗಿ ಏರಿಸಿ ಇಡೀ ದಿನದ ಲೆಕ್ಕ ಅರ್ಧ ಗಂಟೆಗೆ ತನ್ನಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದೂ ಅಷ್ಟೇ, ಕಡಿಮೆಯೆಂದರೆ 30 ನಿಮಿಷ, ತುಂಡುತುಂಡಾಗಿ. ಬಟ್ಟೆ ಬದಲಿಸಿದ ಪ್ರತಿ ಸಲ ಒಮ್ಮೆ ಕವುಚಿ ಹಾಕಿದರೆ ಲೆಕ್ಕವೇ ಬೇಡ.

ಕೆಡುವುದೆಲ್ಲಿ? ಹಾಲು ಕುಡಿದ ಕೂಡಲೇ ಹಾಕಿದರೆ ಕಕ್ತದೆ, ಅರ್ಧ ಗಂಟೆ ಬಿಡಿ. ನಿದ್ದೆ ತೂಗುವಾಗ ಹಾಕಿದರೆ ಅಳ್ತದೆ. ಕೈ ಹಿಂದಕ್ಕೆ ಸಿಕ್ಕಿಕೊಂಡರೆ ತಲೆ ಎತ್ತಲು ಊರುಗೋಲೇ ಇಲ್ಲ. ಎರಡೂ ಮೊಣಕೈಯನ್ನು ಭುಜದ ಕೆಳಗೆ ತಂದಿಡಿ. ಆದರೂ ಕಷ್ಟಪಟ್ಟರೆ ಒಂದು ಟವೆಲ್ಲನ್ನು ಸುರುಳಿ ಸುತ್ತಿ ಎದೆಯಡಿಗೆ ಕೊಡಿ, ತೋಳು ಅದರ ಮುಂದೆ ಬರಲಿ. ನೀವು ನಿಂತು ಚಪ್ಪಾಳೆ ಹೊಡೆದರೆ ಅದಕ್ಕೆ ಕಾಣುವುದು ನಿಮ್ಮ ಕಾಲ್ಬೆರಳು ಮಾತ್ರ. ಕೆನ್ನೆ ಚಾಪೆಗೆ ತಾಗುವಷ್ಟು ಕೆಳಗೆ ಬನ್ನಿ. ಅಲ್ಲೇ ನಿದ್ದೆ ಬಂದರೆ ಅಂಗಾತ ತಿರುಗಿಸಿ. ‘ಒಂದು ನಿಮಿಷ ಕುಕ್ಕರ್ ಇಳಿಸಿ ಬರ್ತೇನೆ’ ಅಂತ ಬಿಟ್ಟು ಹೋಗುವ ಹಾಗಿಲ್ಲ.

ಎರಡನೇ ತಿಂಗಳಿನಲ್ಲಿ ಅಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಿ. ಮೊದಲು ಹಣೆ ಸುಕ್ಕಾಗ್ತದೆ, ಹುಬ್ಬು ಮೇಲೇರ್ತದೆ, ತಲೆಗಿಂತ ಮೊದಲು ಕಣ್ಣು ಏಳ್ತದೆ. ಮೂಗು ಬಟ್ಟೆಗೆ ಉಜ್ಜಿಕೊಂಡು ಗದ್ದ ಏಳ್ತದೆ. ಕತ್ತು ತೇರಿನ ಕಳಶದ ಹಾಗೆ ಆ ಕಡೆ ಈ ಕಡೆ ತೂಗ್ತದೆ. ಎರಡು ಸೆಕೆಂಡು ನಿಮ್ಮನ್ನು ನೋಡ್ತದೆ, ಮತ್ತೆ ಧೊಪ್. ಬಟ್ಟೆ ಮೇಲೆ ಕಾಸಿನಗಲ ಜೊಲ್ಲು. ಮತ್ತೆ ಹಣೆ ಸುಕ್ಕಾಗ್ತದೆ. ಮೂರು ತಿಂಗಳ ಹೊತ್ತಿಗೆ ಮೊಣಕೈ ಊರಿ ಎದೆ ಎತ್ತಲು ನೋಡ್ತದೆ, ನಾಲ್ಕಕ್ಕೆ ಕತ್ತು ನಿಲ್ತದೆ. ಆಮೇಲೊಂದು ದಿನ ಫ್ಯಾನಿನ ಕಡೆಗೋ ನಿಮ್ಮ ದನಿಯ ಕಡೆಗೋ ಕತ್ತು ತಿರುಗಿಸಿದಾಗ ತಲೆಯ ಭಾರಕ್ಕೇ ಇಡೀ ಮೈ ಮಗುಚಿಬಿಡ್ತದೆ. ತಾನೇ ಮಾಡಿದ್ದು ಅಂತ ಅದಕ್ಕೇ ಗೊತ್ತಿರುವುದಿಲ್ಲ. ಆ ತಬ್ಬಿಬ್ಬಾದ ಮುಖ ನೋಡಲು ಲೋಕಲ್ ತಪ್ಪಿದರೂ ಪರವಾಗಿಲ್ಲ.

ಅವತ್ತಿನಿಂದ ಎರಡು ಕೆಲಸ ನಿಲ್ಲಿಸಿ. ಬಟ್ಟೆಯಲ್ಲಿ ಬಿಗಿದು ಸುತ್ತುವುದು, ಮತ್ತೆ ದಿವಾನಿನ ಮೇಲೆ ಸುತ್ತ ದಿಂಬಿಟ್ಟು ಮಲಗಿಸಿ ಹೋಗುವುದು. ನಿಜ ಹೇಳಬೇಕೆಂದರೆ ಸುತ್ತುವುದನ್ನು ಮಗುಚುವ ಪ್ರಯತ್ನ ಕಂಡ ಕೂಡಲೇ ಬಿಡಬೇಕು. ದಿಂಬು ಬೀಳುವುದನ್ನು ತಡೆಯುವುದಿಲ್ಲ, ಉಸಿರು ಮಾತ್ರ ತಡೀಬಹುದು. ನೆಲದಿಂದ ಯಾರೂ ಕೆಳಗೆ ಬಿದ್ದದ್ದಿಲ್ಲ.

ಈಗ ವಾಟ್ಸಾಪ್ ಪೀಡೆ. ‘ನಮ್ಮವ ಮೂರೇ ತಿಂಗಳಿಗೆ ಕವುಚಿದ, ನಿಮ್ಮದು ಇನ್ನೂ ಇಲ್ವಾ?’ ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ ಮಕ್ಕಳನ್ನು ತಿಂಗಳುಗಟ್ಟಲೆ ನೋಡಿ 2006ರಲ್ಲಿ ಲೆಕ್ಕ ಹೊರಡಿಸಿತು, ಅದರಲ್ಲಿ ದಿಲ್ಲಿಯ ಮಕ್ಕಳೂ ಇದ್ದರು. ಆಸರೆ ಇಲ್ಲದೆ ಕೂರುವುದಕ್ಕೆ 3.8ರಿಂದ 9.2 ತಿಂಗಳು. ತಾನಾಗಿ ನಡೆಯುವುದಕ್ಕೆ 8.2ರಿಂದ 17.6 ತಿಂಗಳು. ಕೈ ಮತ್ತು ಮಂಡಿ ಊರಿ ಅಂಬೆಗಾಲಿಡುವುದನ್ನು 4.3 ಶೇಕಡಾ ಮಕ್ಕಳು ಮಾಡಲೇ ಇಲ್ಲ, ಬೇರೆ ದಾರಿಯಲ್ಲಿ ಮುಂದೆ ಹೋದರು. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2022ರಲ್ಲಿ ಮಕ್ಕಳ ಬೆಳವಣಿಗೆಯ ತನ್ನ ಪಟ್ಟಿಯಿಂದ ಅಂಬೆಗಾಲನ್ನೇ ಕೈಬಿಟ್ಟಿತು. ತಿಂಗಳು ತುಂಬುವ ಮೊದಲು ಹುಟ್ಟಿದ ಮಗುವಾದರೆ ಎಷ್ಟು ವಾರ ಮೊದಲು ಬಂತೋ ಅಷ್ಟನ್ನು ವಯಸ್ಸಿನಿಂದ ಕಳೆದು ನೋಡಿ. ಈ ಒಂದು ಕಳೆಯುವ ಲೆಕ್ಕ ಮಾಡದೆ ನಿದ್ದೆ ಕೆಡಿಸಿಕೊಳ್ಳುವ ಮನೆಗಳು ಬೇಕಾದಷ್ಟು.

ಹಾಗಂತ ಎಲ್ಲದಕ್ಕೂ ‘ಬರ್ತದೆ ಬಿಡಿ’ ಅಂತ ಕೂರುವುದೂ ಸಲ್ಲ. ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ಪಾತ್ರೆ ಬಿದ್ದ ಸದ್ದಿಗೂ ಬೆಚ್ಚದಿದ್ದರೆ, ನಾಲ್ಕು ತಿಂಗಳು ಕಳೆದರೂ ಕತ್ತು ಜೋತುಬಿದ್ದರೆ, ಒಂದೇ ಕೈ ಆಡಿಸಿ ಇನ್ನೊಂದನ್ನು ಮುಷ್ಟಿ ಕಟ್ಟಿಯೇ ಇಟ್ಟರೆ, ಅಥವಾ ಕಲಿತದ್ದನ್ನು ಮರೆತರೆ, ಡಾಕ್ಟರಿಗೆ ತೋರಿಸಿ. 6, 10, 14ನೇ ವಾರ ಲಸಿಕೆಗೆ ಹೇಗೂ ಹೋಗ್ತೀರಲ್ಲ, ತಾಯಿ–ಮಗು ಕಾರ್ಡಿನಲ್ಲಿ ತೂಕದ ಗೆರೆ ಎಳೆಸಿಕೊಂಡೇ ಬನ್ನಿ. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೆ ಮಾತ್ರ ಬೆಳಗಾಗುವವರೆಗೆ ಕಾಯಬೇಡಿ.

ಮಾಲಿಶ್, ಅಂದರೆ ಮೈಗೆ ಎಣ್ಣೆ ತಿಕ್ಕುವುದರ ಬಗ್ಗೆ ಕೇಳ್ತೀರಿ, ಗೊತ್ತು. ಒಳ್ಳೆಯದೇ, ಮಗುವಿಗೆ ಅದು ಸುಖ. ಕೊಬ್ಬರಿ ಎಣ್ಣೆ ಸಾಕು. ಮಾಲಿಶ್‌ವಾಲಿ ಹೆಂಗಸಿಗೆ ಮೊದಲ ದಿನವೇ ಹೇಳಿಬಿಡಿ: ಮೂಗು ಎಳೆದು ನೀಳ ಮಾಡುವುದು ಬೇಡ, ಕಿವಿಗೆ ಮೂಗಿಗೆ ಎಣ್ಣೆ ಬೇಡ, ಎದೆ ಹಿಂಡುವುದು ಬೇಡ, ಕಾಲು ಹಿಡಿದು ತಲೆಕೆಳಗೆ ಮಾಡುವುದಂತೂ ಬೇಡವೇ ಬೇಡ. ಸ್ನಾನದ ಮೇಲೆ ಧೂಪದ ಹೊಗೆ ಊರಿನ ದೊಡ್ಡ ಬಚ್ಚಲುಮನೆಯಲ್ಲಿ ಹೇಗೋ ಹೊರಗೆ ಹೋಗ್ತಿತ್ತು. ಕಿಟಕಿ ಮುಚ್ಚಿದ ಫ್ಲ್ಯಾಟಿನಲ್ಲಿ ಅದು ಹೋಗುವುದು ಮಗುವಿನ ಶ್ವಾಸಕೋಶಕ್ಕೆ.

ಮತ್ತೆ ಮಾತು. 1980ರಲ್ಲಿ ಡಿಕ್ಯಾಸ್ಪರ್, ಫೈಫರ್ ಎಂಬ ಇಬ್ಬರು ಸಂಶೋಧಕರು ತೋರಿಸಿದರು: ಹುಟ್ಟಿ ಮೂರು ದಿನ ಆಗದ ಶಿಶುಗಳು ಅಮ್ಮನ ದನಿ ಕೇಳಲಿಕ್ಕಾಗಿ ಚೀಪುವ ಲಯವನ್ನೇ ಬದಲಿಸಿಕೊಂಡವು. ಅಂದರೆ ಕೇಳುಗರು ಸಿದ್ಧರಿದ್ದಾರೆ, ನೀವು ಮಾತಾಡಬೇಕು. ಅಜ್ಜಿ ತುಳುವಿನಲ್ಲಿ, ಅಮ್ಮ ಕನ್ನಡದಲ್ಲಿ, ಕೆಲಸದಾಕೆ ಮರಾಠಿಯಲ್ಲಿ ಮಾತಾಡಿದರೆ ಮಗುವಿಗೆ ಗೊಂದಲ ಆಗುವುದಿಲ್ಲ. ಗೊಂದಲ ನಮಗೆ, ಇಂಗ್ಲಿಷ್ ಶಾಲೆಯ ಫಾರ್ಮು ನೆನೆದು. ಎರಡು ತಿಂಗಳಿನ ಮಗು ‘ಉಂಗಾ’ ಅಂದಾಗ ನೀವೂ ‘ಹೌದಾ ಮಗಾ?’ ಅನ್ನಿ. ಅಂದು ಸುಮ್ಮನಿರಿ. ಮನಸ್ಸಿನಲ್ಲಿ ಹತ್ತು ಎಣಿಸಿ. ನಮ್ಮಲ್ಲಿ ಹೆಚ್ಚಿನವರು ಮೂರಕ್ಕೇ ಮತ್ತೆ ಶುರು ಮಾಡ್ತಾರೆ. ಏಳೆಂಟಕ್ಕೆ ಬಾಯಿ ಉರುಟಾಗ್ತದೆ, ಕಾಲು ಒದೀತದೆ, ಆಮೇಲೆ ಉತ್ತರ ಬರ್ತದೆ. ಮೊಬೈಲಿನ ಹಾಡಿನ ವಿಡಿಯೊ ಯಾರಿಗೂ ಕಾಯುವುದಿಲ್ಲ, ಅದಕ್ಕೇ ಎರಡು ವರ್ಷದವರೆಗೆ ಸ್ಕ್ರೀನ್ ಬೇಡ ಅನ್ನುವುದು. ಊರಿನ ಅಜ್ಜನ ವಿಡಿಯೊ ಕಾಲ್ ಇದರಲ್ಲಿ ಸೇರಿಲ್ಲ, ಅಜ್ಜ ಉತ್ತರ ಕೊಡ್ತಾರೆ.

ಸಂಕ್ರಾಂತಿ ಹತ್ತಿರ ಇದ್ದರೆ ಒಂದು ಮಾತು. ಇಲ್ಲಿಯವರ ಬೋರನ್ಹಾಣ್, ನಮ್ಮ ಎಲಚಿ ಹಣ್ಣು ಎರೆಯುವುದು, ಚಂದದ ಪದ್ಧತಿ. ಆದರೆ ನಾಲ್ಕು ತಿಂಗಳ ಮಗುವಿನ ತಲೆ ಮೇಲೆ ಬೋರೆ ಹಣ್ಣು, ಕಬ್ಬಿನ ತುಂಡು, ಸಕ್ಕರೆ ಗುಳಿಗೆ ಸುರಿದರೆ ಒಂದಾದರೂ ಬಾಯಿಗೆ ಹೋಗ್ತದೆ. ಮಂಡಕ್ಕಿ, ಹೂವಿನ ಎಸಳು ಸುರಿಯಿರಿ, ಅದನ್ನೂ ಕೂಡಲೇ ಗುಡಿಸಿ. ಹಣ್ಣು ಮುಂದಿನ ವರ್ಷಗಳಿಗೆ ಇರಲಿ, ಐದು ವರ್ಷದವರೆಗೂ ಮಾಡ್ತಾರಲ್ಲ.

ಫೋಟೊ ಬೇಕೇ ಬೇಕು ಅಂದರೆ ತಿಂಗಳಿಗೊಂದು, ಅದೇ ಚಾಪೆ ಮೇಲೆ, ಪಕ್ಕದಲ್ಲಿ ಅದೇ ದಿಂಬು; ತೆಗೆದ ಕೂಡಲೇ ದಿಂಬು ಎತ್ತಿ. ಮೊದಲ ಚಿತ್ರದಲ್ಲಿ ಮಗು ಚಾಪೆಯ ನಡುವೆ ಇರ್ತದೆ. ಐದನೆಯದರಲ್ಲಿ ಅಂಚಿನಲ್ಲಿ. ಆರನೆಯದಕ್ಕೆ ಚಾಪೆ ಖಾಲಿ, ಮಗು ಟೀಪಾಯಿ ಅಡಿಯಲ್ಲಿ ಚಪ್ಪಲಿ ನೆಕ್ತಾ ಇರ್ತದೆ. ಆವಾಗ ಟೀಪಾಯಿಯನ್ನು ಗ್ಯಾಲರಿಗೆ ಹಾಕಿ, ಚಪ್ಪಲಿ ಬಾಗಿಲಾಚೆ ಇಡಿ, ದೇವರ ದೀಪ ಮೇಲಿನ ಹಲಗೆಗೆ ಏರಲಿ, ಕೆಳಗಿನ ಪ್ಲಗ್ಗುಗಳಿಗೆಲ್ಲ ಮುಚ್ಚಳ. 16 ಚದರಡಿಯ ಅಗ್ರಿಮೆಂಟ್ ಮುಗಿದಿದೆ, ಇನ್ನು ಇಡೀ ಹಾಲ್ ಕೋಣೆಯೇ ಅದರದ್ದು.