ಎರಡನೇ ಸಲದ ಮೂತ್ರಕ್ಕೇ ಬೆಲೆ

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ ಕೇಳಿ ಆಗಲೇ ಕೆಲವರು ಮುಸಿಮುಸಿ ನಗುತ್ತಿದ್ದೀರಿ. ನಗಿ, ಪರವಾಗಿಲ್ಲ. ಆದರೆ ಕುಡಿದು ಗಾಡಿ ಓಡಿಸಿದ ಕೇಸುಗಳಲ್ಲಿ ಮೂತ್ರದ ಸ್ಯಾಂಪಲ್ ಹೇಗೆ ಪಡೆಯಬೇಕು ಅಂತ ಬ್ರಿಟನ್ನಿನ ಕಾನೂನು ಬಹಳ ಯೋಚನೆ ಮಾಡಿಯೇ ಬರೆದಿದೆ. ಅಲ್ಲಿನ 1988ರ ರೋಡ್ ಟ್ರಾಫಿಕ್ ಆಕ್ಟ್‌ನ 7ನೇ ಸೆಕ್ಷನ್ ನಮ್ಮ ಇವತ್ತಿನ ಪಠ್ಯ.

ಮೊದಲ ಸರದಿ ಉಸಿರಿನದು. ಠಾಣೆಯಲ್ಲಿರುವ ಯಂತ್ರಕ್ಕೆ ಎರಡು ಸಲ ಊದಬೇಕು, ಕಡಿಮೆ ಬಂದ ಅಂಕಿಯೇ ಲೆಕ್ಕ. ಕಾಯಿಲೆಯಿಂದ ಊದಲು ಆಗದಿದ್ದರೆ, ಯಂತ್ರವೇ ಇಲ್ಲದಿದ್ದರೆ ಅಥವಾ ಅದರ ಅಂಕಿ ನಂಬುವಂತಿಲ್ಲದಿದ್ದರೆ ರಕ್ತ ಇಲ್ಲವೇ ಮೂತ್ರ ಕೇಳಬಹುದು. ಯಾವುದು ಅನ್ನುವುದನ್ನು ತೀರ್ಮಾನಿಸುವವರು ಪೊಲೀಸರು, ಆರೋಪಿಯಲ್ಲ. ವೈದ್ಯಕೀಯ ಕಾರಣಕ್ಕೆ ರಕ್ತ ತೆಗೆಯುವುದು ಬೇಡ ಅಂತ ಡಾಕ್ಟರು ಹೇಳಿದರೆ ಮಾತ್ರ ಮೂತ್ರವೇ ಗತಿ. ಕೊಡದಿದ್ದರೆ ಅದೇ ಬೇರೆ ಅಪರಾಧವಾಗುತ್ತದೆ ಅಂತ ಮೊದಲೇ ಎಚ್ಚರಿಸಲೇಬೇಕು. ಆ ಮಾತು ಹೇಳದೆ ಪಡೆದ ಸ್ಯಾಂಪಲ್ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ಈಗ ಮುಖ್ಯ ವಿಷಯಕ್ಕೆ ಬರೋಣ. ಪರೀಕ್ಷೆಗೆ ಹೋಗುವ ಮೂತ್ರ ಕೇಳಿದ ಒಂದು ಗಂಟೆಯೊಳಗೆ ಸಿಗಬೇಕು. ಅದಕ್ಕೂ ಮುಂಚೆ ಇನ್ನೊಂದು ಸಲ ಮೂತ್ರ ಕೊಟ್ಟಿರಬೇಕು. ಮೊದಲನೆಯದು ಪರೀಕ್ಷೆಗಲ್ಲ. ಸುಮ್ನೆ ಯಾಕೆ ಈ ತೊಂದರೆ ಅನಿಸುತ್ತದೆ, ಅಲ್ವಾ? ಮೂತ್ರಕೋಶದಲ್ಲಿರುವುದು ಈ ಕ್ಷಣದ ಮೂತ್ರವಲ್ಲ. ಗಂಟೆಗಟ್ಟಲೆ ಹನಿಹನಿಯಾಗಿ ಸೇರಿದ್ದು. ಒಬ್ಬ ಈಗಷ್ಟೇ ಕುಡಿದಿದ್ದಾನೆ ಅನ್ನಿ. ಕುಡಿಯುವ ಮುಂಚೆಯೇ ತುಂಬಿದ್ದ ಮೂತ್ರದಲ್ಲಿ ಹೊಸ ಆಲ್ಕೋಹಾಲ್ ಕರಗಿಹೋಗಿ ಅಂಕಿ ಕಡಿಮೆ ಬರುತ್ತದೆ. ಇನ್ನೊಬ್ಬ ಕುಡಿದು ಬಹಳ ಹೊತ್ತಾಗಿದೆ, ರಕ್ತದಲ್ಲಿ ಇಳಿದಿದೆ. ಆದರೆ ಹಿಂದೆ ಸೇರಿದ ಮೂತ್ರ ಇನ್ನೂ ಹೆಚ್ಚಿನ ಅಂಕಿಯನ್ನೇ ತೋರಿಸುತ್ತದೆ. ಒಬ್ಬ ತಪ್ಪಿಸಿಕೊಳ್ಳುತ್ತಾನೆ, ಇನ್ನೊಬ್ಬನಿಗೆ ಅನ್ಯಾಯ. ಒಮ್ಮೆ ಖಾಲಿ ಮಾಡಿಸಿದರೆ ಎರಡನೆಯದು ಇತ್ತೀಚೆಗೆ ಕಿಡ್ನಿಯಿಂದ ಇಳಿದದ್ದು. ರಕ್ತದ ಈಗಿನ ಸ್ಥಿತಿಗೆ ಅದು ಹತ್ತಿರ.

ಮೊದಲನೆಯದು ಎಷ್ಟು ಗಂಟೆಗೆ, ಎರಡನೆಯದು ಎಷ್ಟು ಗಂಟೆಗೆ ಅಂತ ವಕೀಲರು ಕೆದಕಿದರೆ 'ತಾಂತ್ರಿಕ ತಗಾದೆ' ಅಂತ ಬೈಯುವವರು ಜಾಸ್ತಿ. ನನಗೇನೋ ಕೇಳಬೇಕಾದ ಮೊದಲ ಪ್ರಶ್ನೆಯೇ ಅದು ಅನಿಸುತ್ತದೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 100 ಮಿಲಿಲೀಟರ್ ರಕ್ತಕ್ಕೆ ಮಿತಿ 80 ಮಿಲಿಗ್ರಾಂ, ಮೂತ್ರಕ್ಕೆ 107. ಆಲ್ಕೋಹಾಲ್ ನೀರಿನಲ್ಲಿ ಹರಡುತ್ತದೆ, ಮೂತ್ರದಲ್ಲಿ ರಕ್ತಕ್ಕಿಂತ ನೀರು ಹೆಚ್ಚು. ಅದಕ್ಕೇ ಮೂತ್ರದ ಅಂಕಿ ಸುಮಾರು ಮೂರನೇ ಒಂದು ಪಾಲು ಮೇಲಿದೆ. ಸ್ಕಾಟ್ಲೆಂಡ್ 2014ರ ಡಿಸೆಂಬರ್‌ನಲ್ಲಿ ಮಿತಿಯನ್ನು 50 ಮತ್ತು 67ಕ್ಕೆ ಇಳಿಸಿತು. ಭಾಗಿಸಿ ನೋಡಿ, ಅನುಪಾತ ಹೆಚ್ಚುಕಡಿಮೆ ಅದೇ.

ಸ್ಯಾಂಪಲ್ ಕೊಡುವಾಗ ಆರೋಪಿ ತನ್ನ ಪಾಲು ಕೇಳಿದರೆ ಅಲ್ಲೇ ಎರಡು ಭಾಗ ಮಾಡಿ ಒಂದನ್ನು ಅವರ ಕೈಗೆ ಕೊಡಬೇಕು. ಕೇಳಿದರೂ ಕೊಡದಿದ್ದರೆ ಆ ಪರೀಕ್ಷೆಯ ಫಲಿತಾಂಶವನ್ನು ಪ್ರಾಸಿಕ್ಯೂಷನ್ ಬಳಸುವಂತಿಲ್ಲ. ಆ ಪಾಲನ್ನು ಬೇರೆ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಬಹುದು. ಸಕ್ಕರೆ ಕಾಯಿಲೆ ಇರುವವರ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಮೂತ್ರದಲ್ಲಿ ಸಕ್ಕರೆ ಇದ್ದು ಯೀಸ್ಟ್ ಸೇರಿಕೊಂಡರೆ ಬಾಟಲಿಯೊಳಗೇ ಹುದುಗೆದ್ದು ಆಲ್ಕೋಹಾಲ್ ಹುಟ್ಟಬಹುದು. ಅದನ್ನು ತಡೆಯಲು ಸೋಡಿಯಂ ಫ್ಲೋರೈಡ್ ಹಾಕುತ್ತಾರೆ. ತಂಪಿನಲ್ಲಿ ಇಡುವುದೂ ಅದಕ್ಕೇ.

ಲ್ಯಾಬಿನ ತಜ್ಞರು ಸಾಮಾನ್ಯವಾಗಿ ಕೋರ್ಟಿಗೆ ಬರುವುದಿಲ್ಲ, ಅವರು ಸಹಿ ಮಾಡಿದ ಸರ್ಟಿಫಿಕೇಟ್ ಬರುತ್ತದೆ. ವಿಚಾರಣೆಗೆ ಕನಿಷ್ಠ 7 ದಿನ ಮುಂಚೆ ಅದರ ಪ್ರತಿ ಆರೋಪಿಗೆ ತಲುಪಿರಬೇಕು. ತಜ್ಞರೇ ಕಟಕಟೆಗೆ ಬಂದು ಹೇಳಲಿ ಅಂತ ಬೇಕಿದ್ದರೆ, ಆರೋಪಿ 3 ದಿನ ಇರುವಾಗಲೇ ನೋಟಿಸ್ ಕೊಡಬೇಕು.