ನಾಳೆ ಹೋಗಿದ್ವಲ್ಲ ಅಪ್ಪ

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆಯಲ್ಲಿ ರೇಡಿಯೋ ಇರುವುದು ಅಡುಗೆಮನೆಯಲ್ಲಿ, ಉಪ್ಪಿನ ಭರಣಿಯ ಪಕ್ಕ. ಅದು ನಮ್ಮಮ್ಮನ ಆಸ್ತಿ. ಬೆಳಿಗ್ಗೆ ಒಲೆಗಿಂತ ಮೊದಲು ಅದನ್ನೇ ಹಚ್ಚುತ್ತಾರೆ. ನಮ್ಮ ಪುಟ್ಟಿಗೆ ನಾಲ್ಕೂವರೆ ವರ್ಷ. ಮೊನ್ನೆ ಆ ರೇಡಿಯೋದ ಹಿಂಭಾಗಕ್ಕೆ ಕಣ್ಣಿಟ್ಟು, ಸಣ್ಣ ಸಣ್ಣ ತೂತುಗಳಲ್ಲಿ ಇಣುಕುತ್ತಾ ಕೇಳಿದಳು: "ಇವರೆಲ್ಲ ಊಟಕ್ಕೆ ಯಾವಾಗ ಹೋಗ್ತಾರೆ?"

ನಾನು ಹೈಸ್ಕೂಲಿನ ಗಣಿತದ ಮೇಷ್ಟ್ರು. ಊರು ತಿರುಮಕೂಡಲು ನರಸೀಪುರದ ಹತ್ತಿರದ ಒಂದು ಹಳ್ಳಿ. ಕೆಂಪು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಹದಿಮೂರು ವರ್ಷ ಆಯಿತು. ತಪ್ಪು ಕಂಡರೆ ಸಾಕು, ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಮನೆಗೆ ಬಂದರೂ ಈ ಚಾಳಿ ಬಿಡುವುದಿಲ್ಲ. "ಒಳಗೆ ಯಾರೂ ಇಲ್ಲ ಮಗಳೇ, ಅದು ಅಲೆಗಳು..." ಅಂತ ಶುರು ಮಾಡಿದೆ. ಅವಳು ಪೂರ್ತಿ ಕೇಳದೆ ಎದ್ದು ಹೋದಳು. ಅವಳು ಕೇಳಿದ್ದು ಊಟದ ವಿಷಯ ಅಲ್ವಾ?

ಹಾಲಿನ ವಿಷಯ ಹೇಳುತ್ತೇನೆ. ಪುಟ್ಟಿಗೆ ಹಾಲು ಅಂದರೆ ಆಗುವುದಿಲ್ಲ. ಒಂದು ಸಂಜೆ ಎರಡು ಸ್ಟೀಲ್ ಲೋಟಕ್ಕೆ ಸಮನಾಗಿ ಹಾಲು ಹಾಕಿದೆ. ಒಂದು ನನಗೆ, ಒಂದು ಅವಳಿಗೆ. ಅವಳೇ ಬಗ್ಗಿ ನೋಡಿ "ಎರಡೂ ಒಂದೇ" ಅಂದಳು. ಆಮೇಲೆ ಅವಳ ಹಾಲನ್ನು ಅವಳ ಕಣ್ಣೆದುರೇ ಒಂದು ಉದ್ದನೆಯ ಗಾಜಿನ ಲೋಟಕ್ಕೆ ಬಗ್ಗಿಸಿದೆ. ತಕ್ಷಣ ಮುಖ ಸಿಂಡರಿಸಿಕೊಂಡಳು. "ನಂಗೇ ಜಾಸ್ತಿ ಹಾಕಿದ್ದೀಯ!"

ನಾನು ಬಿಡುತ್ತೇನೆಯೇ? ವಾಪಸ್ ಸ್ಟೀಲ್ ಲೋಟಕ್ಕೆ ಬಗ್ಗಿಸಿದೆ. "ಈಗ?" "ಒಂದೇ." ಮತ್ತೆ ಗಾಜಿನ ಲೋಟಕ್ಕೆ. "ಈಗ?" "ಜಾಸ್ತಿ." ಹೀಗೆ ಮೂರು ಸಲ. ಹಾಲು ಆರಿ ಕೆನೆ ಕಟ್ಟಿತು. ಅವಳಿಗೆ ಒಂದಿಷ್ಟೂ ಗೊಂದಲವಿಲ್ಲ. ಗೊಂದಲ ನನಗೇ.

ಒಲೆಯ ಮುಂದಿದ್ದ ನಮ್ಮಮ್ಮ ತಿರುಗಿ ಕೂಡ ನೋಡದೆ ಹೇಳಿದರು: "ಅಗಲದ ಬಟ್ಟಲಿಗೆ ಹಾಕಿ ಕೊಡೋ. ಕಮ್ಮಿ ಅಂದ್ಕೊಂಡು ಕುಡೀತಾಳೆ. ನಿಂಗೂ ಹಂಗೇ ಕುಡಿಸಿದ್ದು."

ಬಟ್ಟಲಿಗೆ ಹಾಕಿದೆ. ಗಟಗಟ ಕುಡಿದು ತುಟಿ ಒರೆಸಿಕೊಂಡಳು.

ಬಿ.ಎಡ್. ಓದುವಾಗ ಪಿಯಾಜೆ ಅನ್ನುವವರ ಬಗ್ಗೆ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. 1896ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದವರು. ಈ ಲೋಟದ ಪರೀಕ್ಷೆ ಅವರದೇ. ಆರೇಳು ವರ್ಷ ಆಗುವ ತನಕ ಹೆಚ್ಚಿನ ಮಕ್ಕಳು ನಮ್ಮ ಪುಟ್ಟಿಯ ಹಾಗೇ ಹೇಳುತ್ತಾರೆ. ಮಟ್ಟ ಏರಿದ್ದು ಕಾಣುತ್ತದೆ, ಲೋಟ ಸಣ್ಣಗಿದೆ ಅನ್ನುವುದು ಅದರ ಜೊತೆಗೇ ಲೆಕ್ಕಕ್ಕೆ ಬರುವುದಿಲ್ಲ. ಪಿಯಾಜೆ ಶುರುವಿನಲ್ಲಿ ಪ್ಯಾರಿಸ್‌ನಲ್ಲಿ ಮಕ್ಕಳ ಬುದ್ಧಿಪರೀಕ್ಷೆಯ ಕೆಲಸ ಮಾಡುತ್ತಿದ್ದರಂತೆ. ಉತ್ತರ ಸರಿಯೋ ತಪ್ಪೋ ನೋಡಿ ಅಂಕ ಕೊಟ್ಟರೆ ಆಗಿತ್ತು. ಅವರು ತಪ್ಪು ಉತ್ತರಗಳ ಹಿಂದೆ ಬಿದ್ದರು. ಒಂದೇ ವಯಸ್ಸಿನ ಮಕ್ಕಳು ಒಂದೇ ಥರ ತಪ್ಪು ಮಾಡುತ್ತಾರಲ್ಲ, ಯಾಕೆ ಅಂತ. ಆಮೇಲೆ ತಮ್ಮ ಮೂರು ಮಕ್ಕಳನ್ನೇ ನೋಡುತ್ತಾ, ಬರೆದಿಡುತ್ತಾ ಹೋದರು. ಇದನ್ನೆಲ್ಲ ಹತ್ತು ಅಂಕದ ಪ್ರಶ್ನೆಗೆ ಬರೆದು ಪಾಸಾದವನು ನಾನು. ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ಹಾಲು ಕುಡಿಸಿದ್ದು ಯಾರು ಅಂತ ನಿಮಗೇ ಗೊತ್ತಾಯಿತಲ್ಲ.

ಪುಟ್ಟಿಗೆ ನಿನ್ನೆ, ನಾಳೆ ಎರಡೂ ಒಂದೇ. "ನಾಳೆ ಜಾತ್ರೆಗೆ ಹೋಗಿದ್ವಲ್ಲ ಅಪ್ಪ" ಅನ್ನುತ್ತಾಳೆ. "ನಿನ್ನೆ ಹೋಗಣ" ಅನ್ನುತ್ತಾಳೆ. ಇವತ್ತು ಅಲ್ಲದ್ದೆಲ್ಲ ಅವಳಿಗೆ ಒಂದೇ ರಾಶಿ. ಮೊದಮೊದಲು ತಿದ್ದುತ್ತಿದ್ದೆ. ಆಮೇಲೆ ಹೊಳೆಯಿತು, ಹಿಂದಿಯವರು ಎರಡಕ್ಕೂ 'ಕಲ್' ಅಂತಲೇ ಅನ್ನುತ್ತಾರೆ, ಅವರ ಸಂಸಾರವೇನೂ ನಿಂತಿಲ್ಲ.

ಹೋದ ತಿಂಗಳು ನಮ್ಮೂರ ಸಂಗಮಕ್ಕೆ ಕರೆದುಕೊಂಡು ಹೋಗಿದ್ದೆ. ನೋಡದವರಿಗೆ ಹೇಳುತ್ತೇನೆ: ನರಸೀಪುರದಲ್ಲಿ ಕಪಿಲೆ ಬಂದು ಕಾವೇರಿಗೆ ಸೇರುತ್ತಾಳೆ. ಕಬಿನಿ ಅನ್ನುತ್ತೀರಲ್ಲ, ಅದೇ ನಮಗೆ ಕಪಿಲೆ. ದಡದಲ್ಲಿ ಗುಂಜಾ ನರಸಿಂಹಸ್ವಾಮಿ ದೇವಸ್ಥಾನ. ದೇವರ ಕೈಯಲ್ಲಿ ಒಂದು ಗುಲಗಂಜಿ ಇದೆ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಅಂತ ನಮ್ಮ ಕಡೆಯ ನಂಬಿಕೆ. ಅಜ್ಜಿ ಇದನ್ನು ಹೇಳಿದಾಗ ಪುಟ್ಟಿ ಕೇಳಿದ್ದು ಒಂದೇ: "ತೂಕ ಹಾಕಿದ್ದು ಯಾರು?"

ಮೆಟ್ಟಿಲ ಮೇಲೆ ಕೂತೆವು. ಇದು ಕಪಿಲೆ, ಅದು ಕಾವೇರಿ ಅಂತ ತೋರಿಸಿದೆ. ಎರಡೂ ಸೇರಿ ಮುಂದೆ ಹೋಗುವುದನ್ನೂ ತೋರಿಸಿದೆ.

"ಅದರ ಹೆಸರೇನು?"

"ಕಾವೇರಿ."

"ಕಪಿಲೆ?"

"ಸೇರಿಕೊಂಡಳು."

"ಎಲ್ಲಿ ಹೋದ್ಲು?"

"ಎಲ್ಲೂ ಹೋಗಿಲ್ಲ. ಅದರಲ್ಲೇ ಇದ್ದಾಳೆ."

"ಮತ್ತೆ ಹೆಸರು ಯಾಕೆ ಕಿತ್ಕೊಂಡ್ರು?"

ಪಕ್ಕದಲ್ಲಿ ಬಟ್ಟೆ ಹಿಂಡುತ್ತಿದ್ದ ಹೆಂಗಸು ಕೈ ನಿಲ್ಲಿಸಿ ನನ್ನನ್ನೇ ನೋಡಿದರು, ಮೇಷ್ಟ್ರು ಏನು ಹೇಳ್ತಾರೆ ಅಂತ. ನನಗೆ ಏನೂ ಹೊಳೆಯಲಿಲ್ಲ. ಪುಟ್ಟಿ ಎದ್ದು ಎರಡು ಮೆಟ್ಟಿಲು ಇಳಿದು, ಬೊಗಸೆಯಲ್ಲಿ ನೀರು ತುಂಬಿಕೊಂಡು ಬಂದಳು. ಅರ್ಧ ದಾರಿಯಲ್ಲೇ ಸೋರಿತು. ಉಳಿದ ನಾಲ್ಕು ಹನಿಯನ್ನು ನನ್ನ ಅಂಗೈಗೆ ಬಿಟ್ಟು "ಇದರಲ್ಲಿ ಕಪಿಲೆ ಯಾವುದು ತೋರ್ಸು" ಅಂದಳು. ನನ್ನ ಹೆಂಡತಿ "ರೀ, ಈಗ ಹಾಕಿ ಅಂಕ" ಅಂದು ನಕ್ಕಳು.

ಹಗಲು ಪುಟ್ಟಿ ಅಂಗನವಾಡಿಗೆ ಹೋಗುತ್ತಾಳೆ. ನಾನೂ ಅದೇ ಅಂಗನವಾಡಿಯಲ್ಲಿ ಕೂತು ಉಪ್ಪಿಟ್ಟು ತಿಂದವನು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಆರಿಸಿದ್ದು 33 ಜಾಗಗಳನ್ನು. ಕರ್ನಾಟಕದಿಂದ ನಮ್ಮ ನರಸೀಪುರ. ಹಾಗಾಗಿ ಅಂಗನವಾಡಿ ನಮಗೆ ಹಳೇ ನಂಟು. ಟೀಚರ್ ಅಲ್ಲಿ ಎಲೆ, ಹುಣಸೆ ಬೀಜ, ಬಾಟಲಿ ಮುಚ್ಚಳ ಎಲ್ಲ ಹರಡಿ ಕೂರಿಸುತ್ತಾರೆ. "ಬರೆಯೋಕೆ ಯಾವಾಗ ಕಲಿಸ್ತೀರಿ" ಅಂತ ನಾನೂ ಒಂದು ಸಲ ಕೇಳಿಬಿಟ್ಟಿದ್ದೆ. "ಬೀಜ ಹೆಕ್ಕಲಿ ಸಾರ್, ಬೆರಳು ಬಲೀಲಿ" ಅಂದರು. ಮಾತಾಡದೆ ಬಂದೆ.

ಇನ್ನೊಂದು ನಡೆಯಿತು. ಇದನ್ನು ಹೇಳಲೋ ಬೇಡವೋ ಅಂತ ಯೋಚಿಸಿದ್ದೆ. ಮೊನ್ನೆ ಡಬ್ಬಿಯಲ್ಲಿದ್ದ ಬೆಲ್ಲದ ಅಚ್ಚು ಅರ್ಧ ಮಾಯ. "ಬೆಲ್ಲ ತಿಂದೆಯಾ?" ಅಂದೆ. "ಇಲ್ಲಪ್ಪ, ಇರುವೆ ತಿಂತು" ಅಂದಳು. ಗಲ್ಲದ ಮೇಲೆ ಬೆಲ್ಲದ ಅಂಟು. ಅಂಟಿನ ಮೇಲೆ, ಸಾಕ್ಷಿ ಹೇಳಲು ಬಂದ ಹಾಗೆ, ಒಂದು ಇರುವೆ.

ಗದರಬೇಕಿತ್ತು. ಗದರಿದೆ ಕೂಡ. ಆದರೆ ಸುಳ್ಳು ಹೇಳುವುದಕ್ಕೆ ಏನು ಬೇಕು ನೋಡಿ. ತನಗೆ ಗೊತ್ತಿರುವುದು ಅಪ್ಪನಿಗೆ ಗೊತ್ತಿಲ್ಲ ಅಂತ ಮೊದಲು ಗೊತ್ತಾಗಬೇಕು. ಎರಡು ವರ್ಷದ ಹಿಂದೆ ತಾನು ಕಣ್ಣು ಮುಚ್ಚಿಕೊಂಡರೆ ನಾನೂ ಅವಳನ್ನು ನೋಡಲಾರೆ ಅಂದುಕೊಂಡಿದ್ದ ಕೂಸು ಇದು. ಈಗ ನನಗೆ ಕಾಣದ ಒಂದು ಕೋಣೆ ಅವಳ ತಲೆಯೊಳಗೆ ಇದೆ, ಬಾಗಿಲು ಹಾಕಿಕೊಳ್ಳುವುದೂ ಬರುತ್ತದೆ. ಆ ರಾತ್ರಿ ನನಗೆ ಖುಷಿಯಾಯಿತೋ ಸಂಕಟವಾಯಿತೋ, ಇವತ್ತಿಗೂ ಸರಿಯಾಗಿ ಹೇಳಲಾರೆ.

ಸರಿ, ಮತ್ತೆ ರೇಡಿಯೋಗೆ ಬರೋಣ. ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿ ಅವರು ಮನಃಶಾಸ್ತ್ರದ ಪ್ರಾಧ್ಯಾಪಕರು. ಅವರ ಮುಂದೆ ಪುಟ್ಟಿಯನ್ನು ಕೂರಿಸಿದ್ದರೆ ಏನಾಗುತ್ತಿತ್ತೋ ಅಂತ ಒಮ್ಮೊಮ್ಮೆ ನಗು ಬರುತ್ತದೆ.

ಯಾಕೆಂದರೆ ಈ ಮಾತುಗಳನ್ನು ನಾನು ಇವತ್ತು ಸ್ಟುಡಿಯೋದಲ್ಲಿ ಕೂತು ಹೇಳುತ್ತಿದ್ದೇನೆ. ನೀವು ಕೇಳುವುದು ಇನ್ನೊಂದು ದಿನ. ಆ ಹೊತ್ತಿಗೆ ನಾನು ಅಡುಗೆಮನೆಯಲ್ಲಿ, ಅವಳ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಿರುತ್ತೇನೆ. ಪೆಟ್ಟಿಗೆಯಲ್ಲೂ ಅಪ್ಪ, ಪಕ್ಕದಲ್ಲೂ ಅಪ್ಪ. ಪೆಟ್ಟಿಗೆಯ ಅಪ್ಪ ಮಾತಾಡುತ್ತಿರುತ್ತಾನೆ, ಪಕ್ಕದ ಅಪ್ಪನ ಬಾಯಿ ಮುಚ್ಚಿರುತ್ತದೆ. ಅವಳು ಇಬ್ಬರನ್ನೂ ನೋಡಿ ಏನು ಲೆಕ್ಕ ಹಾಕುತ್ತಾಳೋ ಗೊತ್ತಿಲ್ಲ. ಅಲೆಗಳ ವಿಷಯ ಈ ಸಲ ಎತ್ತುವುದಿಲ್ಲ. ಅವಳೇ ಮೊದಲು ಹೇಳಲಿ.

ಬಹುಶಃ ಅಜ್ಜಿಯ ಕಡೆ ತಿರುಗಿ "ಅಪ್ಪ ನಾಳೆ ರೇಡಿಯೋದಲ್ಲಿ ಮಾತಾಡಿದ್ದ" ಅನ್ನಬಹುದು. ಇವತ್ತು, ಇಲ್ಲಿ ಮೈಕಿನ ಮುಂದೆ ಕೂತು ಯೋಚಿಸಿದರೆ, ಆ ಮಾತಿನಲ್ಲಿ ಯಾವ ಪದದ ಕೆಳಗೆ ಕೆಂಪು ಗೆರೆ ಎಳೆಯಬೇಕೋ ನನಗೆ ಗೊತ್ತಾಗುತ್ತಿಲ್ಲ.

ನಮಸ್ಕಾರ.